ಕೊಪ್ಪೆ ಕ್ಯಾಸಲ್ ರಿವ್ಯೂ: ಮಗಳ ಹೆಸರಲ್ಲಿ ಫೇಮಸ್, ನಾನು ಹೋಗಿದ್ದು ಅಪ್ಪನಿಗೋಸ್ಕರ

ಜಿನೀವಾಕ್ಕೆ ಬರೋ ನಮ್ಮೋರು ಸಾಮಾನ್ಯವಾಗಿ ಕೆರೆ ಕಾರಂಜಿ ಹತ್ರ ಫೋಟೋ ತೆಗ್ಸ್ಕೊಂಡು, ಚಾಕ್ಲೇಟ್ ಕಟ್ಟಿಸ್ಕೊಂಡು ಸೀದಾ ಇಂಟರ್‌ಲಾಕನ್ ಕಡೆ ಓಡ್ತಾರೆ. ಅರ್ಧ ದಿನ ಸಿಕ್ಕಿದ್ರೆ ದಯವಿಟ್ಟು ಹತ್ತಿರದ ಕೊಪ್ಪೆ ಊರಿಗೆ ಹೋಗಿ, ಅಲ್ಲಿನ ಕ್ಯಾಸಲ್ ನೋಡಿ. ಲೆಮಾನ್ ಎಕ್ಸ್‌ಪ್ರೆಸ್ ಅಂತ ಲೋಕಲ್ ಟ್ರೇನ್ ಇದೆ, ಸ್ಟೇಷನ್ನಲ್ಲಿ ಇಳಿದು ನಡ್ಕೊಂಡೇ ಹೋಗ್ಬಹುದು. ಕ್ಯಾಸಲ್ ಅಂದ್ರೆ ಬುರುಜು ಫಿರಂಗಿ ಎಲ್ಲ ಇರುತ್ತೆ ಅಂದ್ಕೋಬೇಡಿ, ಕೆರೆಗೆ ಮುಖ ಮಾಡಿರೋ ದೊಡ್ಡ ಸಾಹುಕಾರರ ಮನೆ, ನಡುವೆ ಅಂಗಳ. ಇವತ್ತಿಗೂ ಅದೇ ವಂಶದೋರ ಕೈಲೇ ಇರೋದ್ರಿಂದ ಮಂಚ, ಕುರ್ಚಿ, ಪುಸ್ತಕ, ಚಿತ್ರ ಎಲ್ಲ ಆ ಮನೇವೇ.

ಜಾಸ್ತಿ ಜನ ಬರೋದು ಮದಾಮ್ ದ ಸ್ತಾಲ್ ಹೆಸರು ಕೇಳಿ. ನೆಪೋಲಿಯನ್ ಪ್ಯಾರಿಸ್ಸಿಂದ ಹೊರಗೆ ಹಾಕಿದ ಲೇಖಕಿ, ಯೂರೋಪಿನ ಬುದ್ಧಿವಂತರನ್ನೆಲ್ಲ ಈ ಮನೇಲಿ ಸೇರಿಸಿದ್ದೋಳು. ಆದ್ರೆ 1784ರಲ್ಲಿ ಮನೆ ಕೊಂಡಿದ್ದು ಅವಳಪ್ಪ ಜಾಕ್ ನೆಕೇರ್. ಬ್ಯಾಂಕಲ್ಲಿ ಕೆಲಸ ಮಾಡೋ ನನಗೆ ಆ ಮನುಷ್ಯನ ಕತೆನೇ ಮುಖ್ಯ, ಟೂರಿಗೆ ಮುಂಚೆ ಅದು ಗೊತ್ತಿದ್ರೆ ಅಲ್ಲಿರೋ ಅವನ ಚಿತ್ರದ ಮುಂದೆ ನಿಲ್ಲೋದೇ ಬೇರೆ ಥರ ಇರುತ್ತೆ.

1732ರಲ್ಲಿ ಜಿನೀವಾದಲ್ಲಿ ಹುಟ್ಟಿದ ಹುಡುಗ, ಬ್ಯಾಂಕಲ್ಲಿ ಗುಮಾಸ್ತನಾಗಿ ಸೇರಿ ಪ್ಯಾರಿಸ್ಸಿಗೆ ಹೋಗಿ, ಥೆಲುಸ್ಸೋಂ ಅನ್ನೋ ಬ್ಯಾಂಕರ್ ಜೊತೆ ಪಾಲುದಾರನಾಗಿ ದೊಡ್ಡ ಬ್ಯಾಂಕ್ ನಡೆಸ್ದ. ನಮ್ಮ ಪುದುಚೇರಿಲಿ ವ್ಯಾಪಾರ ಮಾಡ್ತಿದ್ದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಆಡಳಿತದಲ್ಲೂ ಇದ್ದ. 1777ರಲ್ಲಿ ಫ್ರಾನ್ಸ್ ರಾಜ ಹದಿನಾರನೇ ಲೂಯಿ ಇವನ ಕೈಗೆ ದೇಶದ ಹಣಕಾಸು ಕೊಟ್ಟ, ಆದ್ರೆ ಕ್ಯಾಥೊಲಿಕ್ ಅಲ್ಲ, ಪ್ರಾಟೆಸ್ಟೆಂಟ್ ಅನ್ನೋ ಕಾರಣಕ್ಕೆ ಹಣಕಾಸು ಮಂತ್ರಿ ಪದವಿ ಕೊಡಲಿಲ್ಲ, ಡೈರೆಕ್ಟರ್ ಜನರಲ್ ಅಂತ ಬೇರೆ ಹೆಸರಿಟ್ರು. ಅವನು ಸಂಬಳನೂ ತಗೊಳ್ಳಲಿಲ್ಲ.

ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಇಳಿದಾಗ ನೆಕೇರ್ ತೆರಿಗೆ ಏರಿಸೋ ಬದಲು ಸಾಲ ಎತ್ತಿದ. ಅದರಲ್ಲಿ ಲೈಫ್ ಆನ್ಯುಟಿ ಬಾಂಡ್‌ಗಳದ್ದು ದೊಡ್ಡ ಪಾಲು, ದುಡ್ಡು ಹಾಕಿದ್ರೆ ಹೆಸರಿಸಿದ ವ್ಯಕ್ತಿ ಬದುಕಿರೋವರೆಗೂ ವರ್ಷಕ್ಕೆ ಸುಮಾರು 10 ಪರ್ಸೆಂಟ್, ಅದೂ ವಯಸ್ಸು ಎಷ್ಟೇ ಇರ್ಲಿ ಒಂದೇ ರೇಟು! ಎಲ್‌ಐಸಿ ಏಜೆಂಟ್ ಯಾರನ್ನಾದ್ರೂ ಕೇಳಿ, ಇದು ನಿಲ್ಲಲ್ಲ ಅಂತಾರೆ. ಹೆಸರಿಸಿದೋರು ಜಾಸ್ತಿ ವರ್ಷ ಬದುಕಿದಷ್ಟೂ ಲಾಭ ತಾನೇ, ಅದಕ್ಕೆ ಜಿನೀವಾದ ಬ್ಯಾಂಕರುಗಳು ಮಾಡಿದ್ದೇನಂದ್ರೆ, ಸಿಡುಬು ಬಂದು ವಾಸಿಯಾಗಿರೋ, ಒಳ್ಳೆ ಮನೆತನದ ಗಟ್ಟಿಮುಟ್ಟಾದ ಪುಟ್ಟ ಹುಡುಗೀರನ್ನ ಡಾಕ್ಟರ್ ಸಲಹೆ ಕೇಳಿ ಆರಿಸಿ, ಸುಮಾರು ಮೂವತ್ತು ಜನರ ಗುಂಪು ಮಾಡಿ, ಅವರ ಹೆಸರಲ್ಲಿ ಬಾಂಡ್ ಕೊಂಡ್ರು. ಆ ಹುಡುಗೀರಿಗೆ ಜ್ವರ ಬಂದ್ರೆ ಇಡೀ ಜಿನೀವಾದ ದುಡ್ಡಿಗೇ ಜ್ವರ. ಈ ಒಂದೇ ರೇಟಿನ ಪದ್ಧತಿ ನೆಕೇರ್‌ಗಿಂತ ಮುಂಚಿನದೇ, ಆದ್ರೆ ಸ್ವತಃ ಬ್ಯಾಂಕರ್ ಆಗಿದ್ದೋನು ಅದನ್ನ ಮುಂದುವರೆಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆದ್ರೂ ಅವನ ಮೇಲೆ ಗೌರವ ಯಾಕೆ ಅಂದ್ರೆ 1781ರಲ್ಲಿ ಅವನು ರಾಜ್ಯದ ಜಮಾ ಖರ್ಚನ್ನ ಪ್ರಿಂಟ್ ಮಾಡಿಸಿ ಜನರ ಕೈಗೆ ಕೊಟ್ಟ. ಅಲ್ಲೀವರೆಗೂ ಅದು ರಾಜನ ಗುಟ್ಟು, ಆಸ್ಥಾನದೋರಿಗೆ ಎಷ್ಟು ಪೆನ್ಷನ್ ಹೋಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯುದ್ಧದ ಖರ್ಚನ್ನ ಬೇರೆ ಇಟ್ಟು 10 ಮಿಲಿಯನ್ ಲಿವ್ರ್ (ಆಗಿನ ಫ್ರೆಂಚ್ ಹಣ) ಉಳಿತಾಯ ಅಂತ ತೋರಿಸಿದ್ದು ಸರಿ ಅಲ್ಲ ನಿಜ, ಆದ್ರೆ ಲೆಕ್ಕ ಕೇಳೋ ಅಭ್ಯಾಸ ಜನಕ್ಕೆ ಹತ್ತಿದ್ಮೇಲೆ ಹೋಗುತ್ತಾ. ಅದೇ ವರ್ಷ ಮೇ ತಿಂಗಳಲ್ಲಿ ಕೆಲಸ ಹೋಯ್ತು. 1788ರಲ್ಲಿ ಖಜಾನೆ ಖಾಲಿ ಆದಾಗ ಮತ್ತೆ ಕರೆದ್ರು, 1789ರ ಜುಲೈ 11ಕ್ಕೆ ರಾಜ ಮತ್ತೆ ತೆಗೆದ, ಮಾರನೇ ದಿನ ಪ್ಯಾರಿಸ್ ಜನ ಇವನ ಮೇಣದ ಮೂರ್ತಿ ಹೊತ್ಕೊಂಡು ಬೀದಿಗಿಳಿದ್ರು, 14ಕ್ಕೆ ಬಾಸ್ಟೀಲ್ ಜೈಲುಕೋಟೆ ಜನರ ಕೈಗೆ ಬಿತ್ತು. ಮೂರನೇ ಸಲ ಕರೆಸ್ಕೊಂಡ್ರು, 1790ರಲ್ಲಿ ತಾನೇ ರಾಜೀನಾಮೆ ಕೊಟ್ಟು ಈ ಮನೆಗೆ ಬಂದುಬಿಟ್ಟ. ಬರೋವಾಗ ಖಜಾನೆಗೆ ತಾನೇ ಕೊಟ್ಟಿದ್ದ ಸುಮಾರು 2 ಮಿಲಿಯನ್ ಲಿವ್ರ್ ಸ್ವಂತ ದುಡ್ಡನ್ನ ಅಲ್ಲೇ ಬಿಟ್ಟ. ಅದು ಮಗಳ ಕೈಗೆ ವಾಪಸ್ ಬಂದಿದ್ದು ನೆಪೋಲಿಯನ್ ಬಿದ್ದ ಮೇಲೆ, ಅಷ್ಟೊತ್ತಿಗೆ ಅಪ್ಪ ತೀರ್ಕೊಂಡು ಹತ್ತು ವರ್ಷ ದಾಟಿತ್ತು.

ಮನೆ ಒಳಗೆ ಲೈಬ್ರರಿ ನಿಧಾನವಾಗಿ ನೋಡಿ. ಮಗಳ ಗೆಳತಿ ಮದಾಮ್ ರೆಕಾಮಿಯೆ ಉಳ್ಕೋತಿದ್ದ ರೂಮಲ್ಲಿ ಕೈಯಲ್ಲಿ ಬರೆದ ಚೀನಾದ ವಾಲ್‌ಪೇಪರ್ ಇದೆ, ಗೋಡೆ ತುಂಬ ಗಿಡ, ಹಕ್ಕಿ, ನನ್ನ ಹೆಂಡ್ತಿ ಅಲ್ಲಿಂದ ಕದಲಲೇ ಇಲ್ಲ. ನೆಕೇರ್, ಹೆಂಡ್ತಿ ಸುಜಾನ್, ಮಗಳು ಮೂವರ ಸಮಾಧಿನೂ ಇದೇ ಜಾಗದ ಮರಗಳ ನಡುವೆ ಇದೆ, ಆದ್ರೆ ಅದಕ್ಕೆ ಬಾಗಿಲು ಮುಚ್ಚಿದೆ, ನೋಡೋಕೆ ಬಿಡಲ್ಲ, ಅದನ್ನ ಲೆಕ್ಕಕ್ಕೆ ಇಟ್ಕೊಂಡು ಹೋಗ್ಬೇಡಿ.

ಇತಿಹಾಸ, ದುಡ್ಡು ಕಾಸಿನ ವಿಷಯ ಇಷ್ಟ ಇರೋರಿಗೆ ಐದಕ್ಕೆ ಐದು. ಚಿಕ್ಕ ಮಕ್ಕಳು ಜೊತೆಗಿದ್ರೆ ಒಬ್ರು ಕೆರೆ ದಂಡೇಲಿ ಆಡಿಸ್ಲಿ, ಇನ್ನೊಬ್ರು ಒಳಗೆ ಹೋಗಿ, ಆಮೇಲೆ ಬದಲಾಯಿಸ್ಕೊಳ್ಳಿ. ಚಳಿಗಾಲದಲ್ಲಿ ಮುಚ್ಚಿರುತ್ತೆ, ಟ್ರೇನ್ ಹತ್ತೋಕೆ ಮುಂಚೆ ಟೂರ್ ಟೈಮಿಂಗ್, ಯಾವ ಭಾಷೆ ಅಂತ ಫೋನ್ ಮಾಡಿ ಕೇಳ್ಬಿಡಿ.