ಏಳು ಚಳಿಗಾಲ ಕಂಡ ನಮ್ಮ ಪೆಲೆಟ್ ಫರ್ನೇಸ್

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಜನವರಿಯ ಕೆಲವು ರಾತ್ರಿ ಇಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುತ್ತದೆ. ಮನೆ ಕೊಂಡಾಗ ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ ಎಣ್ಣೆಯ ಫರ್ನೇಸ್ ಇತ್ತು. 7 ವರ್ಷದ ಹಿಂದೆ ಅದರ ಪಕ್ಕದಲ್ಲೇ ಪೆಲೆಟ್ ಫರ್ನೇಸ್ ಹಾಕಿಸಿದೆವು. ಬಿಸಿ ಗಾಳಿ ಹಳೆಯ ಡಕ್ಟುಗಳಲ್ಲೇ, ಅಂದರೆ ಗಾಳಿಯ ಕೊಳವೆಗಳಲ್ಲೇ, ಮೇಲಿನ ಕೋಣೆಗಳಿಗೆ ಹೋಗುತ್ತದೆ. ಈಗ ಮನೆಯ ಮುಕ್ಕಾಲು ಪಾಲು ಶಾಖ ಇದರದ್ದೇ. ನನಗೆ ತುಂಬಾ ಇಷ್ಟವಾದ ಯಂತ್ರ ಇದು. ಆದರೆ ಸ್ವಿಚ್ ಹಾಕಿ ಮರೆತುಬಿಡುವ ಯಂತ್ರ ಅಲ್ಲ. ಕೊಳ್ಳುವ ಮೊದಲೇ ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಪೆಲೆಟ್ ಅಂದರೆ ಮರದ ಹೊಟ್ಟನ್ನು ಬಲವಾಗಿ ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ತುಂಡುಗಳು. ನಮ್ಮಜ್ಜಿ ಹೊಟ್ಟಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟು ತುಂಬಿ ಒನಕೆಯಿಂದ ಗಟ್ಟಿಯಾಗಿ ಜಡಿಯುತ್ತಿದ್ದರು. ಸಡಿಲ ಬಿಟ್ಟರೆ ಹೊಗೆ, ಗಟ್ಟಿಯಾಗಿ ಜಡಿದರೆ ಹೊತ್ತು ಹೊತ್ತು ಉರಿ. ಇಲ್ಲಿ ಜಡಿಯುವ ಕೆಲಸ ಕಾರ್ಖಾನೆಯಲ್ಲೇ ಆಗಿರುತ್ತದೆ. ಹಾಪರ್ ಎಂಬ ಡಬ್ಬಕ್ಕೆ ಚೀಲ ಸುರಿದರೆ ಸಾಕು. ಆಗರ್ ಎಂಬ ತಿರುಪು ಸ್ವಲ್ಪ ಸ್ವಲ್ಪವೇ ಪೆಲೆಟ್ಟನ್ನು ಉರಿಯುವ ಬಟ್ಟಲಿಗೆ ಹಾಕುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಶಾಖವನ್ನು ಮನೆಯೊಳಗೆ ಕಳಿಸುತ್ತದೆ.

ನಾನು ದಿನಾ ನೋಡುವುದು ಉರಿಯನ್ನು. ಚುರುಕಾಗಿ, ತಿಳಿ ಹಳದಿಯಾಗಿ ಕುಣಿಯುತ್ತಿದ್ದರೆ ಎಲ್ಲ ಸರಿ ಇದೆ. ಉರಿ ಉದ್ದವಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ, ಸೋಮಾರಿಯಂತೆ ತೂಗಾಡುತ್ತಾ ಗಾಜಿಗೆ ಮಸಿ ಹಿಡಿಸತೊಡಗಿದರೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ನಮ್ಮಲ್ಲಿ ಹೆಚ್ಚಿನ ಸಲ ಕಾರಣ ಬಟ್ಟಲಿನ ತಳದಲ್ಲೇ ಇರುತ್ತದೆ. ಬೂದಿ ಕರಗಿ ಕಲ್ಲಿನಂತೆ ಕಿಟ್ಟ ಕಟ್ಟಿ, ಗಾಳಿಯ ತೂತುಗಳನ್ನು ಮುಚ್ಚಿಬಿಟ್ಟಿರುತ್ತದೆ. ಫರ್ನೇಸ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಕೆರೆದು ತೆಗೆಯಬೇಕು. ನಾನು ಪ್ರತಿ ಭಾನುವಾರ ಬೆಳಿಗ್ಗೆ ಈ ಕೆಲಸ ಮಾಡುತ್ತೇನೆ. ಶಾಖದ ಕೊಳವೆಗಳ ಮೇಲಿನ ಬೂದಿಯನ್ನೂ ಬ್ರಷ್‌ನಿಂದ ಉದುರಿಸುತ್ತೇನೆ. ಎಲ್ಲ ಸೇರಿ ಅರ್ಧ ಗಂಟೆ.

ಬೂದಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ವರ್ಷ ತೆಗೆದ ಬೂದಿಯನ್ನು ಮುಚ್ಚಳದ ತಗಡಿನ ಬಕೆಟ್ಟಿಗೆ ಹಾಕಿ, ಹಿತ್ತಲಿನ ಮರದ ಡೆಕ್ ಮೇಲೆ ಇಟ್ಟಿದ್ದೆ. ಮೂರನೇ ದಿನ ಗಿಡಗಳಿಗೆ ಹಾಕೋಣವೆಂದು ಮುಚ್ಚಳ ತೆಗೆದು ಸಲಿಕೆ ಆಡಿಸಿದೆ. ಮೇಲೆ ಬೂದಿ ಹಿಟ್ಟಿನಂತೆ ತಣ್ಣಗಿತ್ತು. ಅಡಿಯಿಂದ ಹುಣಸೆಬೀಜದಷ್ಟು ದೊಡ್ಡ ಎರಡು ಕೆಂಡ ಮೇಲೆ ಬಂದವು. ಗಾಳಿ ತಾಗಿದ್ದೇ ತಡ, ಕೆಂಪಗೆ ಹೊಳೆದವು. ಬೂದಿ ಮುಚ್ಚಿದ ಕೆಂಡ ಎಂದು ಚಿಕ್ಕಂದಿನಿಂದ ಕೇಳಿದ್ದೆ, ಕಣ್ಣಾರೆ ಕಂಡಿದ್ದು ಅವತ್ತು. ಕೆಳಗಿದ್ದದ್ದು ಒಣ ಮರದ ಹಲಗೆ. ಮೇಲಿನ ಕೋಣೆಯಲ್ಲಿ ಮಗಳು ಮಲಗಿದ್ದಳು. ಅವತ್ತಿನಿಂದ ಬಕೆಟ್ ಇರುವುದು ಮನೆಯಿಂದ ದೂರ, ಬರಿಯ ಕಾಂಕ್ರೀಟ್ ಮೇಲೆ, ಮುಚ್ಚಳ ಬಿಗಿಯಾಗಿ. ಒಂದು ವಾರ ಅದನ್ನು ಯಾರೂ ಮುಟ್ಟುವುದಿಲ್ಲ. ಮನೆಯ ಮಾಮೂಲಿ ವ್ಯಾಕ್ಯೂಮ್‌ನಿಂದಲೂ ಬೂದಿ ಎಳೆಯಬೇಡಿ. ಒಂದು ಕಿಡಿ ಒಳಗೆ ಹೋದರೆ ಅದರ ಚೀಲವೇ ಹೊತ್ತಿಕೊಳ್ಳುತ್ತದೆ. ಬೂದಿಗೆಂದೇ ಮಾಡಿದ ಲೋಹದ ವ್ಯಾಕ್ಯೂಮ್ ಸಿಗುತ್ತದೆ. ಅದನ್ನೂ ತಣ್ಣನೆಯ ಬೂದಿಗೆ ಮಾತ್ರ ಬಳಸಿ.

ಎರಡನೇ ಚಳಿಗಾಲದಲ್ಲಿ ಒದ್ದೆ ಹಿಮ ಬಿದ್ದು ಕರೆಂಟ್ ಹೋಯಿತು. ಇದು ಕರೆಂಟಿಲ್ಲದೆ ನಡೆಯುವ ಒಲೆಯಲ್ಲ. ಫ್ಯಾನ್ ನಿಂತರೂ ಬಟ್ಟಲಿನಲ್ಲಿದ್ದ ಪೆಲೆಟ್ ಕನಲುತ್ತಲೇ ಇತ್ತು. ಹೊರಗೆ ಹೋಗಬೇಕಾದ ಹೊಗೆ ಕೊಳವೆಯ ಕೀಲಿನಿಂದ ಬೇಸ್‌ಮೆಂಟಿಗೆ ನುಗ್ಗಿತು. ಅಲಾರಂ ಕೂಗಿದ್ದರಿಂದ ಎಲ್ಲರೂ ಹೊರಗೆ ಬಂದೆವು. ಆಮೇಲೆ ಮೆಕ್ಯಾನಿಕ್‌ನಿಂದ ಕೊಳವೆಯ ಕೀಲುಗಳನ್ನೆಲ್ಲ ಶಾಖ ತಡೆಯುವ ಸಿಲಿಕೋನ್‌ನಿಂದ ಮುಚ್ಚಿಸಿದೆ. ಕೊಳವೆಯನ್ನು ಕೆಲವು ಅಡಿ ನೆಟ್ಟಗೆ ಮೇಲಕ್ಕೆ ಏರಿಸಿ ಹೊರಗೆ ಬಿಡಿಸಿದೆ. ಈಗ ಫ್ಯಾನ್ ನಿಂತರೂ ಬಿಸಿ ಹೊಗೆ ತಾನಾಗಿ ಮೇಲಕ್ಕೆ ಏರುತ್ತದೆ. ಮನೆಯ ಕರೆಂಟಿನಂತೆಯೇ ನಯವಾದ ಅಲೆಯ ಕರೆಂಟ್ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಒಂದನ್ನೂ ಇಟ್ಟಿದ್ದೇನೆ. ಅದು ಇಡೀ ರಾತ್ರಿ ಮನೆ ಬಿಸಿ ಮಾಡುವುದಕ್ಕಲ್ಲ, ಒಳಗಿನ ಬೆಂಕಿ ಆರುವವರೆಗೆ ಫ್ಯಾನ್ ತಿರುಗುವುದಕ್ಕೆ. ಇದೇ ಕಾರಣಕ್ಕೆ ಉರಿಯುತ್ತಿರುವಾಗ ಪ್ಲಗ್ ಕಿತ್ತು ಆರಿಸಲೇಬಾರದು.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಪ್ರತಿ ಮಹಡಿಯಲ್ಲೂ ಇರಲಿ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಉರಿಸದೆ ಸುಮ್ನೆ ರಾಶಿ ಹಾಕಿಟ್ಟ ಪೆಲೆಟ್ಟಿನಿಂದಲೂ ಇದು ಹೊರಬರುತ್ತದೆ, ಹೊಸ ಪೆಲೆಟ್ ಆದರೆ ಜಾಸ್ತಿ. ಯುರೋಪಿನಲ್ಲಿ ಗಾಳಿಯಾಡದ ಪೆಲೆಟ್ ಕೋಣೆಗೆ ಕಾಲಿಟ್ಟವರು ಸತ್ತದ್ದಿದೆ. ನಮ್ಮದು ಚೀಲದ ಲೆಕ್ಕ, ಗಾಳಿಯಾಡುವ ಗ್ಯಾರೇಜಿನಲ್ಲಿ ಇಡುತ್ತೇವೆ. ಟನ್ನುಗಟ್ಟಲೆ ಸುರಿಸಿಕೊಳ್ಳುವವರು ಮೊದಲು ಕೋಣೆಗೆ ಗಾಳಿಯ ದಾರಿ ಮಾಡಿಸಿ. ಹಿಮ ಬಿದ್ದ ದಿನ ನಾನು ಕಾರಿಗಿಂತ ಮೊದಲು ಹೊಗೆ ಹೋಗುವ ಬಾಯಿಯ ಸುತ್ತ ಹಿಮ ತೆಗೆಯುತ್ತೇನೆ.

ಖರ್ಚಿನ ವಿಷಯ. ಒಂದು ಚೀಲ 40 ಪೌಂಡ್, 50 ಚೀಲಕ್ಕೆ ಒಂದು ಟನ್. ನಮಗೆ ವರ್ಷಕ್ಕೆ 4 ಟನ್ ಬೇಕು. ಒಂದು ಟನ್ನಿನ ಶಾಖ ಸುಮಾರು 120 ಗ್ಯಾಲನ್ ಎಣ್ಣೆಯದಕ್ಕೆ ಸಮ. ಎಣ್ಣೆ ಅಗ್ಗವಾದ ವರ್ಷ ಉಳಿತಾಯ ಹೆಚ್ಚೇನಿಲ್ಲ, ಏರಿದ ವರ್ಷ ಚೆನ್ನಾಗಿ ಗೊತ್ತಾಗುತ್ತದೆ. ಅಗ್ಗದ ಪೆಲೆಟ್ ಒಮ್ಮೆ ತಂದಿದ್ದೆ. ಚೀಲದ ಅಡಿಯಲ್ಲಿ ಬರೀ ಪುಡಿ, ಬೂದಿಯೂ ದುಪ್ಪಟ್ಟು. ಈಗ ಚೀಲದ ಮೇಲೆ ಬೂದಿ ಶೇ. 1ಕ್ಕಿಂತ ಕಡಿಮೆ ಎಂದಿದ್ದರೆ ಮಾತ್ರ ಕೊಳ್ಳುತ್ತೇನೆ. ನೀರು ತಾಗಿದ ಚೀಲದ ಪೆಲೆಟ್ ಉಬ್ಬಿ ಮತ್ತೆ ಮರದ ಹೊಟ್ಟೇ ಆಗುತ್ತದೆ, ಹಾಪರ್‌ಗೆ ಹಾಕಿದರೆ ಆಗರ್ ಸಿಕ್ಕಿಕೊಳ್ಳುತ್ತದೆ.

ಕೊರತೆಗಳೂ ಇವೆ. ಫ್ಯಾನಿನ ಸದ್ದು ಮೇಲಿನವರೆಗೂ ಕೇಳುತ್ತದೆ. ಬೆಂಕಿ ಹೊತ್ತಿಸುವ ಇಗ್ನೈಟರ್ ಎರಡು ಸಲ ಸುಟ್ಟುಹೋಗಿದೆ. ಬಾಗಿಲಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹಗ್ಗ ಈ ಸೆಪ್ಟೆಂಬರಿನಲ್ಲಿ ಬದಲಾಯಿಸಿದೆ. ಅದನ್ನು ನೀವೇ ಪರೀಕ್ಷಿಸಬಹುದು: ತಣ್ಣಗಿರುವಾಗ ಒಂದು ಡಾಲರ್ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿ ಸಿಗದೆ ಸಲೀಸಾಗಿ ಬಂದರೆ ಹಗ್ಗ ಸವೆದಿದೆ. ನಮ್ಮದರಲ್ಲಿ ಹಿಡಿಕೆಯ ಕಡೆ ಬಿಗಿಯಾಗಿತ್ತು, ಕೆಳಗಿನ ಮೂಲೆಯಲ್ಲಿ ನೋಟು ಜಾರಿ ಕೈಗೇ ಬಂತು.