ಕಡಲತೀರದ ಫೋಟೊ ಶೂಟಿಗೆ ಮುಂಗಡ ಕೊಡುವ ಮುನ್ನ ಸೀರೆ ಅಂಗಡಿಯವರು ಗಮನಿಸಿ

ಹಬ್ಬದ ಕ್ಯಾಟಲಾಗಿಗೋ ಹೋರ್ಡಿಂಗಿಗೋ ಫೋಟೊ ತೆಗೆಸಲು ಹೊರಟ ಬಟ್ಟೆ ಅಂಗಡಿಯವರು, ಬುಟೀಕಿನವರು ಇದನ್ನೊಮ್ಮೆ ಓದಿ, ಆಮೇಲೆ ಮುಂಗಡ ಕೊಡಿ. ಶಿರಸಿಯ ಸೀರೆ ಅಂಗಡಿಯೊಂದು ದೀಪಾವಳಿಗೆಂದು 42 ಸೀರೆಗಳ ಶೂಟ್ ಮಾಡಿಸಿತು. ಒಂದು ದಿನ ಕಾರವಾರದ ಟಾಗೋರ್ ಕಡಲತೀರದಲ್ಲಿ, ಮರುದಿನ ಶಿರಸಿ ಸಮೀಪದ ಅಡಿಕೆ ತೋಟದಲ್ಲಿ. ತಂಡ ಹೊರಗಿನದು. ಅವರ ಇನ್‌ಸ್ಟಾಗ್ರಾಂ ನೋಡಿದರೆ ಯಾರಾದರೂ ಮರುಳಾಗಬೇಕು, ಹಾಗಿತ್ತು. ಮುಕ್ಕಾಲು ಪಾಲು ಹಣ ಮುಂಗಡಕ್ಕೇ ಹೋಯಿತು. ಕೊನೆಗೆ ಕೈಗೆ ಸಿಕ್ಕಿದ್ದು ವಾಟ್ಸಾಪಿನಲ್ಲಿ ಬಂದ 130 ಫೋಟೊ. ಅಚ್ಚಿಗೆ ಆಗುವಂಥವು 20 ಕೂಡ ಇರಲಿಲ್ಲ. ತಂಡದ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಒಬ್ಬರಿಂದ ತಪ್ಪಿಸಿಕೊಳ್ಳಬಹುದು, ತಪ್ಪು ಗುರುತಿಸಲು ಬಂದರೆ ಎಲ್ಲರಿಂದಲೂ.

ಮೊದಲು ಇಳಕಲ್ ಸೀರೆ. ಅದರ ಕೆಂಪು ಸೆರಗಿನಲ್ಲಿ ಟೋಪಿ ತೆನೆ ಎಂಬ ಹಲ್ಲುಹಲ್ಲಾದ ಬಿಳಿಯ ವಿನ್ಯಾಸ ಸಾಲಾಗಿ ಬರುತ್ತದೆ, ಸೀರೆಯ ಗುರುತೇ ಅದು. ಸಂಜೆ ಸೂರ್ಯನನ್ನು ಬೆನ್ನಿಗಿಟ್ಟು ತೆಗೆದ ಫೋಟೊದಲ್ಲಿ ಆ ಕೆಂಪು ಕಿತ್ತಳೆಯಾಗಿತ್ತು. ದೊಡ್ಡದು ಮಾಡಿ ನೋಡಿದರೆ ನೇಯ್ಗೆಯ ಎಳೆಯೇ ಇಲ್ಲ, ಹಲಗೆಗೆ ಬಣ್ಣ ಬಳಿದಂತೆ ಚಪ್ಪಟೆ. ಕಾರಣ ಎರಡು. ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸಿಗೆ ಬಿಟ್ಟಿದ್ದರು. ಜೊತೆಗೆ ಕತ್ತಲಾದ ಮುಖವನ್ನು ಎತ್ತಲು ಎಡಿಟಿಂಗಿನಲ್ಲಿ ಬೆಳಕು ಏರಿಸಿದಾಗ ಕೆಂಪು ಚಾನೆಲ್ಲು ಒಂದೇ ತನ್ನ ಗರಿಷ್ಠ ಅಂಕಿ 255ಕ್ಕೆ ಮುಟ್ಟಿ ನಿಂತಿತ್ತು. ಒಟ್ಟು ಹಿಸ್ಟೋಗ್ರಾಂ (ಫೋಟೊದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ. ಕುಂಕುಮ ಕೆಂಪು, ರಾಣಿ ಬಣ್ಣದ ಸೀರೆಗಳಲ್ಲಿ ಹೀಗಾಗುವುದು ಬಹಳ. ಕೈಯಲ್ಲಿ ಉಳಿದದ್ದು ಜೆಪಿಜಿ ಮಾತ್ರವಾದರೆ ಹೋದ ಎಳೆಯನ್ನು ಯಾರೂ ಮರಳಿ ತರಲಾರರು.

ಕಾರವಾರವಾಗಲಿ ಗೋಕರ್ಣವಾಗಲಿ, ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಸಮುದ್ರದ ಕಡೆ. ಸಂಜೆ ಸಮುದ್ರವನ್ನು ಹಿನ್ನೆಲೆಯಾಗಿಟ್ಟರೆ ಬಿಸಿಲು ರೂಪದರ್ಶಿಯ ಬೆನ್ನಿಗೆ ಬೀಳುತ್ತದೆ, ಸೀರೆಯ ಮುಂಭಾಗ ಪೂರ್ತಿ ನೆರಳು. ಅದನ್ನು ತುಂಬಲು ಕ್ಯಾಮೆರಾ ಮೇಲೆ ಕೂರುವ ಸಣ್ಣ ಫ್ಲ್ಯಾಶ್ ಸಾಲದು. 400ರಿಂದ 600 ವ್ಯಾಟ್-ಸೆಕೆಂಡಿನ ಸ್ಟ್ರೋಬ್, ಅಂದರೆ ದೊಡ್ಡ ಫ್ಲ್ಯಾಶ್ ದೀಪ ಬೇಕು, ಅದಕ್ಕೆ ಬೆಳಕನ್ನು ಮೃದು ಮಾಡುವ ಬಟ್ಟೆಯ ಸಾಫ್ಟ್‌ಬಾಕ್ಸ್ ಬೇಕು. ಮಧ್ಯಾಹ್ನ ಕಳೆದ ಮೇಲೆ ಬೀಸುವ ಕಡಲಗಾಳಿಗೆ ಸಾಫ್ಟ್‌ಬಾಕ್ಸ್ ಹಾಯಿಯ ಹಾಗೆ ಉಬ್ಬುತ್ತದೆ. ಪ್ರತಿ ಸ್ಟ್ಯಾಂಡಿನ ಕಾಲಿಗೆ 8–10 ಕಿಲೋ ಮರಳುಚೀಲ, ಹಿಡಿದುಕೊಳ್ಳಲು ಒಬ್ಬ ಹುಡುಗ ಇರಲೇಬೇಕು. ಈ ತಂಡದ ಬಳಿ ಇದ್ದದ್ದು ಒಂದು ಸಣ್ಣ ಫ್ಲ್ಯಾಶ್, ಒಂದು ಮಡಚುವ ರಿಫ್ಲೆಕ್ಟರ್. ಬಟ್ಟೆಯ ಬಣ್ಣ ಮುಖ್ಯವಾದರೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ತೆಗೆಯಿರಿ. ಬಿಸಿಲು ಪೂರ್ವದ ಗುಡ್ಡದ ಕಡೆಯಿಂದ ಸೀರೆಯ ಮೇಲೆ ನೇರ ಬೀಳುತ್ತದೆ, ಸಮುದ್ರ ನೀಲಿಯಾಗಿ ಕಾಣುತ್ತದೆ, ಗಾಳಿಯೂ ಮೆತ್ತಗಿರುತ್ತದೆ. ಸೂರ್ಯಾಸ್ತದ ಚಿತ್ರ ಒಂದೆರಡು ಸಾಕು, ಮುಖಪುಟಕ್ಕೆ. ಫೋಟೊ ನೋಡಿದ ಅಂಗಡಿಯ ಹಿರಿಯರೊಬ್ಬರು ಹೇಳಿದ್ದಿಷ್ಟೇ: “ಸೀರೆ ಎಲ್ಲಿ ಕಾಣ್ತದೆ ಮಾರಾಯ್ರೆ, ಸಮುದ್ರವೇ ಕಾಣ್ತದೆ.”

ತೋಟದ ಫೋಟೊಗಳ ರೋಗ ಬೇರೆ. ಅಡಿಕೆ ಸೋಗೆಯ ನಡುವಿನಿಂದ ಇಳಿಯುವ ಬೆಳಕು ಹಸಿರು ಕಲಸಿಕೊಂಡೇ ಬರುತ್ತದೆ. ಅರಿಶಿನ ಬಣ್ಣದ ಸೀರೆ ಲಿಂಬೆಕಾಯಿಯಾಯಿತು, ಗಲ್ಲದ ಕೆಳಗೆ ಪಾಚಿಯ ಛಾಯೆ ಬಂತು. ಬೆಳಕು ಒಂದೇ ಥರ ಇದ್ದಿದ್ದರೆ ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ಬಣ್ಣದ ಕಾರ್ಡು) ಇಟ್ಟು ತೆಗೆದ ಒಂದು ಫ್ರೇಮಿನಿಂದ ಸರಿಪಡಿಸಬಹುದಿತ್ತು. ಆದರೆ ಒಂದೇ ಸೀರೆಯ ಮೇಲೆ ಒಂದು ಕಡೆ ಬಿಸಿಲ ಚುಕ್ಕಿ, ಇನ್ನೊಂದು ಕಡೆ ಹಸಿರು ನೆರಳು. ನೆರಳು ಸರಿ ಮಾಡಿದರೆ ಬಿಸಿಲಿನ ಜಾಗ ಗುಲಾಬಿಯಾಗುತ್ತದೆ. “ಸರ್, ಅದೆಲ್ಲ ಎಡಿಟಿಂಗಲ್ಲಿ ಸರಿ ಮಾಡ್ತೀವಿ” ಎಂಬ ಮಾತು ಸ್ಥಳದಲ್ಲಿ ಕೇಳಿಸಿತೆಂದರೆ ಶೂಟ್ ನಿಲ್ಲಿಸಿ. ಮಾಡಬೇಕಾದ್ದು ಇಷ್ಟು: ತೋಟದ ಅಂಚಿಗೆ, ಆಕಾಶ ತೆರೆದಿರುವ ಕಡೆಗೆ ಬನ್ನಿ, ತಲೆಯ ಮೇಲೆ ಬಿಳಿ ಬಟ್ಟೆ ಕಟ್ಟಿ ಬಿಸಿಲ ಚುಕ್ಕಿ ತಡೆಯಿರಿ, ಸೀರೆ ಬದಲಾದಾಗಲೂ ಜಾಗ ಬದಲಾದಾಗಲೂ ಮೊದಲ ಫ್ರೇಮಿನಲ್ಲಿ ಗ್ರೇ ಕಾರ್ಡ್ ಇರಲಿ. ಕಾರ್ಡು ತರದ ಫೋಟೊಗ್ರಾಫರ್ ಮದುವೆ ಮನೆಗೆ ಸಾಕು, ಬಟ್ಟೆಯ ಜಾಹೀರಾತಿಗೆ ಆಗುವುದಿಲ್ಲ.

ಹಿನ್ನೆಲೆ ಮಸುಕಾಗಿದ್ದರೆ ಅದೇ ಪ್ರೊಫೆಷನಲ್ ಫೋಟೊ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸಿನಿಂದ 2 ಮೀಟರ್ ದೂರ ನಿಂತು ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಂಡಿಯನ್ನು ಅಗಲ ತೆರೆದು, ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. ಕಣ್ಣು ಸ್ಪಷ್ಟ; ಭುಜದ ಮೇಲಿನ ಸೆರಗು, ರವಿಕೆಯ ತೋಳಿನ ಕಸೂತಿ ಮಸುಕು. ಮಾರಬೇಕಾದದ್ದೇ ಮಸುಕು! ಕಂಡಿ ಕಿರಿದು ಮಾಡಿ ಎಫ್ 8ಕ್ಕೆ ಹೋದರೆ ಆ ಆಳ 26 ಸೆಂಟಿಮೀಟರ್ ಆಗುತ್ತದೆ, ಸೆರಗಿಗೂ ಕಸೂತಿಗೂ ಸಾಕು. ನಿಲುವು ಪೂರ್ತಿ ಬರುವ ಫೋಟೊಕ್ಕೆ ಅದೇ ಲೆನ್ಸಿನಲ್ಲಿ ಸುಮಾರು 5 ಮೀಟರ್ ಹಿಂದೆ ಹೋಗಬೇಕು, ಕ್ಯಾಮೆರಾ ಸೊಂಟದ ಎತ್ತರದಲ್ಲಿರಬೇಕು. ಜಾಗ ಸಾಲದೆ 24 ಮಿ.ಮೀ. ಲೆನ್ಸ್ ಹಾಕಿ ಮೇಲಿನಿಂದ ತೆಗೆದದ್ದರಲ್ಲಿ ತಲೆ ದೊಡ್ಡದು, ಕಾಲು ಗಿಡ್ಡ, ನೆರಿಗೆ ಕೆಳಕ್ಕೆ ಹೋಗುತ್ತ ಸಣ್ಣಗಾಗಿ ಸೀರೆಯ ಅಳತೆಯೇ ಕೆಟ್ಟಿತ್ತು.

ಜರಿಯ ವಿಷಯ. ಜರಿ ಬಟ್ಟೆಯಂತಲ್ಲ, ಲೋಹದಂತೆ: ಎದುರಿಗಿರುವುದನ್ನು ಹಿಂದಕ್ಕೆ ತೋರಿಸುತ್ತದೆ. ಸಣ್ಣ ಫ್ಲ್ಯಾಶ್ ನೇರ ಹೊಡೆದರೆ ಅಂಚು ಬಿಳಿ ಪಟ್ಟಿಯಾಗುತ್ತದೆ. ಕನಿಷ್ಠ 4 ಅಡಿಯ ಸಾಫ್ಟ್‌ಬಾಕ್ಸ್, ಪಕ್ಕದಿಂದ, ಒಂದೂವರೆ ಮೀಟರ್ ದೂರದಲ್ಲಿದ್ದರೆ ಬಂಗಾರ ಬಂಗಾರವಾಗಿಯೇ ಬರುತ್ತದೆ. ಪರೀಕ್ಷೆ ಸುಲಭ. ಫೋಟೊವನ್ನು ಕಂಪ್ಯೂಟರಿನಲ್ಲಿ ಶೇ. 100ಕ್ಕೆ ಹಿಗ್ಗಿಸಿ ಅಂಚು ನೋಡಿ, ಎಳೆಗಳು ಬಿಡಿಬಿಡಿಯಾಗಿ ಕಾಣಬೇಕು. ಹಾಗೆ ನೋಡುವಾಗಲೇ ಸಣ್ಣ ಚೌಕಳಿ ಸೀರೆಗಳಲ್ಲಿ ನೀರಲೆಯಂಥ ಬಣ್ಣದ ಪಟ್ಟೆ ಇದೆಯೇ ಗಮನಿಸಿ. ನೇಯ್ಗೆಯ ಸಾಲೂ ಸೆನ್ಸರಿನ ಸಾಲೂ ಒಂದಕ್ಕೊಂದು ತಾಕಲಾಡಿದಾಗ ಅದು ಬರುತ್ತದೆ. ಸ್ಥಳದಲ್ಲೇ ಒಂದು ಹೆಜ್ಜೆ ಹಿಂದೆಮುಂದೆ ಸರಿದರೆ ಹೋಗುತ್ತದೆ, ಆಮೇಲೆ ತೆಗೆಯುವುದು ಕಷ್ಟ. ಎಸಿ ಕಾರಿನಿಂದ ಇಳಿದವರೇ ಲೆನ್ಸ್ ಮುಚ್ಚಳ ತೆಗೆದರೆ ಹಬೆ ಕೂರುತ್ತದೆ ಎಂಬುದೂ ಈ ತಂಡಕ್ಕೆ ತಿಳಿದಿರಲಿಲ್ಲ. ಕ್ಯಾಮೆರಾ ಬ್ಯಾಗನ್ನು ಮುಚ್ಚಿಯೇ ಅರ್ಧ ಗಂಟೆ ಹೊರಗಿಡಬೇಕು. ಮೊದಲ ಆರು ಸೀರೆ ಆ ಮಂಜಿನಲ್ಲೇ ಹೋದವು.

ಇನ್ನೊಂದು ಹೊಸ ಪಿಡುಗು. ಗಾಳಿಗೆ ಸೆರಗು ಮಡಚಿಕೊಂಡ ಫೋಟೊಗಳಲ್ಲಿ ಎಐ ಬಳಸಿ ಸೆರಗು “ಬೆಳೆಸಿ” ಕೊಟ್ಟಿದ್ದರು. ಮೊಬೈಲಿನಲ್ಲಿ ಗೊತ್ತೇ ಆಗುವುದಿಲ್ಲ. ಹಿಗ್ಗಿಸಿದರೆ ಟೋಪಿ ತೆನೆಯ ಒಂದು ಹಲ್ಲು ಪಕ್ಕದ್ದಕ್ಕೆ ಕರಗಿ ಅಂಟಿಕೊಂಡಿದೆ, ಅಂಚಿನ ಗೀಟು ನೆರಿಗೆಯೊಳಗೆ ಹೋಗುವಾಗ ಮೂರಿದ್ದದ್ದು ಹೊರಗೆ ಬರುವಾಗ ಎರಡಾಗಿದೆ. ಅಂಗಡಿಯಲ್ಲಿ ಇಲ್ಲದ ಸೀರೆಯನ್ನು ಜಾಹೀರಾತಿನಲ್ಲಿ ತೋರಿಸಿದಂತಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವಿದೆ, ಆಗ ಉತ್ತರ ಹೇಳಬೇಕಾದವರು ಅಂಗಡಿಯವರು. ಸೊಂಟ ಸಣ್ಣ ಮಾಡಿದ್ದಾರೋ ಎಂದು ತಿಳಿಯಲು ಹಿಂದಿನ ಅಡಿಕೆ ಮರ ನೋಡಿ: ಸೊಂಟದ ಎತ್ತರದಲ್ಲಿ ಮರ ಬಾಗಿದ್ದರೆ ಎಳೆದಿದ್ದಾರೆ.

ಈಗ ಫೈಲಿನ ಗಾತ್ರ, ದುಡ್ಡು ಮುಳುಗಿದ್ದು ಇಲ್ಲೇ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಬಂದವುಗಳ ಉದ್ದ 1600 ಪಿಕ್ಸೆಲ್. 20 ಅಡಿ ಅಗಲದ ಹೋರ್ಡಿಂಗ್ ಎಂದರೆ 240 ಇಂಚು. ಇಂಚಿಗೆ 7 ಪಿಕ್ಸೆಲ್ಲೂ ಸಿಗಲಿಲ್ಲ. ದೂರದಿಂದ ನೋಡುವ ಫ್ಲೆಕ್ಸಿಗೆ ಇಂಚಿಗೆ 30 ಇದ್ದರೂ ನಡೆಯುತ್ತದೆ, ಅಂದರೆ ಅಗಲಕ್ಕೆ 7200 ಪಿಕ್ಸೆಲ್. ಎ4 ಕ್ಯಾಟಲಾಗಿನ ಪುಟಕ್ಕೆ ಇಂಚಿಗೆ 300ರಂತೆ 2480×3508 ಬೇಕು. ಡ್ರೈವಿನಲ್ಲೋ ಪೆನ್‌ಡ್ರೈವಿನಲ್ಲೋ ಮೂಲ ಗಾತ್ರದ್ದನ್ನೇ ತೆಗೆದುಕೊಳ್ಳಿ. ಸಣ್ಣ ಫೈಲನ್ನು ಸುಮ್ಮನೆ ಹಿಗ್ಗಿಸಿ ಕೊಟ್ಟರೂ ಅಂಕಿ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಅಂಕಿಯ ಜೊತೆ ಎಳೆಯನ್ನೂ ನೋಡಿ. ಇಡೀ ಕೆಲಸ ಪ್ರೆಸ್ಸಿಗೆ ಕೊಡುವ ಮುನ್ನ ನಾಲ್ಕು ಫೋಟೊವನ್ನು ಅದೇ ಕಾಗದದ ಮೇಲೆ 12×18 ಇಂಚಿನಲ್ಲಿ ತೆಗೆಸಿ, ಸೀರೆಯ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ನವಿಲು ನೀಲಿ, ಗಿಳಿ ಹಸಿರು, ರಾಣಿ ಬಣ್ಣ ನಾಲ್ಕು ಬಣ್ಣದ ಅಚ್ಚಿನಲ್ಲಿ ಸ್ವಲ್ಪ ಮಂಕಾಗುವುದು ಸಹಜ, ಅದು ಫೋಟೊಗ್ರಾಫರನ ತಪ್ಪಲ್ಲ. ಕೆಂಪು ಕಿತ್ತಳೆಯಾಗುವುದು ತಪ್ಪು.

ಹೊಸಬರನ್ನು ಗೊತ್ತು ಮಾಡುವಾಗ ಆಲ್ಬಮ್ಮಿನ 20 ಚಂದದ ಚಿತ್ರ ನೋಡಬೇಡಿ. ಯಾವುದಾದರೂ ಒಂದೇ ಕೆಲಸದ 60–80 ಫೋಟೊ ಸಾಲಾಗಿ ತೋರಿಸಿ ಎನ್ನಿ. ಮೊದಲಿನಿಂದ ಕೊನೆವರೆಗೆ ಚರ್ಮದ ಬಣ್ಣ ಒಂದೇ ಇದೆಯೇ, ಕಣ್ಣಿನಲ್ಲಿ ಕಾಣುವ ದೀಪದ ಮಿಂಚು ಒಂದೇ ಬದಿಯಲ್ಲಿದೆಯೇ ನೋಡಿ. ಪುಟದಲ್ಲಿನ ಎರಡು ಮೂರು ಚಿತ್ರಗಳನ್ನು ಗೂಗಲ್ ಲೆನ್ಸಿಗೆ ಹಾಕಿ. ಬೇರೆಯವರದ್ದು ಎಂದು ಅಲ್ಲೇ ಗೊತ್ತಾಗುವುದುಂಟು. ಈ ತಂಡದ ಪುಟದ ಎರಡು ಚಿತ್ರ ಹಾಗೇ ಸಿಕ್ಕವು, ಆದರೆ ಹುಡುಕಿದ್ದು ಹಣ ಕೊಟ್ಟ ಮೇಲೆ. ಆಮೇಲೆ ನಿಮ್ಮ ಅತಿ ಕಷ್ಟದ ಸೀರೆ ಒಂದನ್ನು, ಕೆಂಪು ಮತ್ತು ಜರಿ ಎರಡೂ ಇರುವಂಥದ್ದನ್ನು, ಕೊಟ್ಟು ಅರ್ಧ ಗಂಟೆಯ ಟೆಸ್ಟ್ ಮಾಡಿಸಿ. ಅದಕ್ಕೆ ಬೇರೆ ಹಣ ಕೇಳಿದರೆ ಕೊಡಿ, ನ್ಯಾಯವೇ.

ಒಪ್ಪಂದ ಬರಹದಲ್ಲಿರಲಿ: ಎಷ್ಟು ಫೋಟೊ, ಯಾವ ಗಾತ್ರ, ರಾ ಫೈಲು (ಕ್ಯಾಮೆರಾ ದಾಖಲಿಸಿದ, ಎಡಿಟ್ ಆಗದ ಮೂಲ ಫೈಲು) ಕೊಡುತ್ತಾರೋ ಇಲ್ಲವೋ, ರೂಪದರ್ಶಿಯ ಸಹಿ ಇರುವ ಒಪ್ಪಿಗೆ ಪತ್ರ. ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ತೆಗೆಸಿದವರದ್ದೇ. ಸಹಿ ಹಾಕುವ ಕಾಗದದಲ್ಲಿ ಅದನ್ನು ಬಿಟ್ಟುಕೊಡುವ ಸಾಲು ಇದೆಯೇ ಓದಿ. ಮುಂಗಡ ಮೂರನೇ ಒಂದು ಭಾಗ ಮೀರಬಾರದು, ಕೊನೆಯ ಕಂತು ಅಚ್ಚಿನ ಪ್ರೂಫ್ ನೋಡಿದ ಮೇಲೆ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಮಾತು ಬೇಡ. ಮಿರ್ಜಾನ್ ಕೋಟೆ ಪುರಾತತ್ತ್ವ ಇಲಾಖೆಯ ಸುಪರ್ದಿಯಲ್ಲಿದೆ, ಜಾಹೀರಾತು ಶೂಟಿಗೆ ಮೊದಲೇ ಅನುಮತಿ ಪಡೆಯಬೇಕು.

ಆ ಅಂಗಡಿಯವರು ಕೊನೆಗೆ ಮುಖ್ಯವಾದ 11 ಸೀರೆಗಳನ್ನು ತಮ್ಮ ಮಹಡಿಯ ಕೋಣೆಯಲ್ಲೇ ಮತ್ತೆ ತೆಗೆಸಿದರು, ಅರ್ಧ ದಿನದಲ್ಲಿ. ಉತ್ತರದ ಕಿಟಕಿಯ ಬೆಳಕು, ಟ್ಯೂಬ್‌ಲೈಟ್ ಎಲ್ಲ ಬಂದ್, ಎದುರು ಬದಿಗೆ ಎರಡು ಬಿಳಿ ಥರ್ಮೋಕೋಲ್ ಹಾಳೆ, ಟ್ರೈಪಾಡ್, ಎಫ್ 8, ಪ್ರತಿ ಸೀರೆಗೂ ಗ್ರೇ ಕಾರ್ಡ್. ಹೋರ್ಡಿಂಗಿಗೆ ಹೋದದ್ದು ಆ ಫೋಟೊ. ಮೊದಲ ತಂಡದಿಂದ ರಾ ಫೈಲು ಇನ್ನೂ ಬಂದಿಲ್ಲ.