ಬಳ್ಳಾರಿ ಬಿಸಿಲಲ್ಲಿ ಎರಡು ಲಕ್ಷದ ಗೇಮಿಂಗ್ ಪಿಸಿ: ಬೇಸಿಗೆಗಳು ಕಳೆದ ಮೇಲೆ ಬರೆದ ವಿಮರ್ಶೆ

ಯೂಟ್ಯೂಬ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ವಿಮರ್ಶೆ ನೋಡುವಾಗ ಗ್ರಾಫಿನ ಮೂಲೆಯನ್ನು ಒಮ್ಮೆ ಗಮನಿಸಿ. ಕೋಣೆಯ ಉಷ್ಣತೆ 21 ಡಿಗ್ರಿ, ಇಲ್ಲವೇ 23 ಅಂತ ಸಣ್ಣಗೆ ಬರೆದಿರುತ್ತಾರೆ. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ರಾತ್ರಿ ಹತ್ತು ಗಂಟೆಗೂ ನನ್ನ ರೂಮು 34 ಡಿಗ್ರಿ ಇರುತ್ತದೆ. ಪಿಸಿಯೊಳಗಿನ ಕೂಲರ್ ಎಷ್ಟೇ ದುಬಾರಿಯದಾದರೂ ಅದು ಮಾಡುವುದು ಒಂದೇ ಕೆಲಸ, ಚಿಪ್ಪಿನ ಬಿಸಿಯನ್ನು ರೂಮಿನ ಗಾಳಿಗೆ ದಾಟಿಸುವುದು. ಆ ಗಾಳಿಯೇ 12 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಬಿಸಿಯಾಗುತ್ತದೆ. ಅವರ 68 ನಮ್ಮಲ್ಲಿ 80.

2024ರ ಮಧ್ಯದಲ್ಲಿ ಪಿಸಿ ಮಾಡಿಸಲು ಹೊರಟಾಗ ಈ ಲೆಕ್ಕ ಇಟ್ಟುಕೊಂಡೇ ಪಾರ್ಟ್ಸ್ ಆರಿಸಿದೆ. ಬಿಸಿಲು, ಧೂಳು, ಕರೆಂಟು. ಈ ಮೂರನ್ನು ಮೊದಲು ನೋಡಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನುವ ಫ್ರೇಮ್ ಲೆಕ್ಕ ಆಮೇಲೆ ನೋಡಿದೆ. ಅರ್ಧ ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಉಳಿದರ್ಧ ಆನ್‌ಲೈನ್‌ನಲ್ಲಿ ತೆಗೆದುಕೊಂಡೆ. ಮಾನಿಟರ್ ಬಿಟ್ಟು ಎರಡು ಲಕ್ಷ ಹತ್ತು ಸಾವಿರದ ಆಸುಪಾಸು ಆಯಿತು. ಅದರಲ್ಲಿ ಅರ್ಧದಷ್ಟು ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು.

ಪ್ರೊಸೆಸರ್ ಎಎಂಡಿ ರೈಜೆನ್ 7 7800ಎಕ್ಸ್3ಡಿ. ಆಗ ಗೆಳೆಯರೆಲ್ಲ ಇಂಟೆಲ್ ಕೋರ್ ಐ9 14900ಕೆ ತಗೋ ಅನ್ನುತ್ತಿದ್ದರು. 24 ಕೋರ್, 6 ಗಿಗಾಹರ್ಟ್ಸ್, ಹೇಳಿಕೊಳ್ಳಲು ಚೆನ್ನಾಗಿಯೇ ಇದೆ. ಆದರೆ ಅದರ ಗರಿಷ್ಠ ಟರ್ಬೊ ಪವರ್ 253 ವ್ಯಾಟ್ ಅಂತ ಇಂಟೆಲ್ಲೇ ಬರೆದಿದೆ. 7800ಎಕ್ಸ್3ಡಿಯಲ್ಲಿ ಇರುವುದು ಎಂಟೇ ಕೋರ್, ಆದರೆ 96 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್‌ನೊಳಗೇ ಇರುವ ವೇಗದ ಮೆಮೊರಿ, ಇದೆ. ಗೇಮಿಗೆ ಬೇಕಾದ ಡೇಟಾ ಬಹುಪಾಲು ಅಲ್ಲೇ ಸಿಗುವುದರಿಂದ ಪದೇ ಪದೇ ರ‍್ಯಾಮ್‌ಗೆ ಓಡಬೇಕಿಲ್ಲ. ನನ್ನಲ್ಲಿ ಗೇಮ್ ಆಡುವಾಗ ಅದು ತೆಗೆದುಕೊಳ್ಳುವುದು 50ರಿಂದ 70 ವ್ಯಾಟ್. ಆ ಕ್ಯಾಶ್‌ನ ಹೆಚ್ಚಿನ ಭಾಗ ಕೋರ್‌ಗಳಿರುವ ಚಿಪ್ಪಿನ ಮೇಲೆ ಇನ್ನೊಂದು ಪದರವಾಗಿ ಕೂತಿರುವುದರಿಂದ ಬಿಸಿ ಆ ಪದರ ದಾಟಿಯೇ ಹೊರಬರಬೇಕು. ಅದಕ್ಕೇ ಎಎಂಡಿ ಇದಕ್ಕೆ 89 ಡಿಗ್ರಿಯ ಮಿತಿ ಹಾಕಿದೆ. ಮೇ ತಿಂಗಳಲ್ಲೂ ನನ್ನದು ಎಂಬತ್ತು ಡಿಗ್ರಿಯ ಒಳಗೇ ನಿಂತಿದೆ, ಅದೂ ನಾಲ್ಕು ಸಾವಿರದೊಳಗಿನ ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ ಏರ್ ಕೂಲರ್‌ನಲ್ಲಿ. ಲಿಕ್ವಿಡ್ ಕೂಲರ್ ಬೇಡ ಅಂದಿದ್ದು ದುಡ್ಡಿನ ವಿಷಯಕ್ಕಲ್ಲ. ಅದರ ಪಂಪ್ ಕೆಟ್ಟರೆ ಇಡೀ ಸೆಟ್ ಬದಲಿಸಬೇಕು. ಏರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಮಾತ್ರ, ಅದು ಎಲ್ಲೂ ಸಿಗುತ್ತದೆ.

ಅದೇ ವರ್ಷ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ವೋಲ್ಟೇಜ್ ತೊಂದರೆಯಿಂದ ಹಾಳಾಗುತ್ತಿರುವ ಸುದ್ದಿ ದೊಡ್ಡದಾಯಿತು. ಆಗಸ್ಟ್‌ನಲ್ಲಿ ಕಂಪನಿ ಮೈಕ್ರೋಕೋಡ್ (ಚಿಪ್‌ನೊಳಗಿನ ಸಾಫ್ಟ್‌ವೇರ್) ಸರಿಪಡಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಗೆಳೆಯರು ಆಮೇಲೆ ಆ ಮಾತು ಎತ್ತಲಿಲ್ಲ. ಹಾಗಂತ ಎಎಂಡಿಯವರೂ ಸಾಚಾ ಅಲ್ಲ. 2023ರ ಏಪ್ರಿಲ್‌ನಲ್ಲಿ ಕೆಲವು ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟುಹೋಗಿದ್ದವು. ಆಮೇಲೆ ಚಿಪ್‌ನ ಒಂದು ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್ 1.3 ದಾಟದ ಹಾಗೆ ಬಯೋಸ್‌ನಲ್ಲಿ (ಪಿಸಿ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡ್‌ನ ಸಾಫ್ಟ್‌ವೇರ್) ಕಟ್ಟು ಹಾಕಿದರು. ಹಳೇ ಸ್ಟಾಕ್ ಮದರ್‌ಬೋರ್ಡ್ ತಂದರೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಗೇಮ್ ಹಾಕಿ.

ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾದ ಆರ್‌ಟಿಎಕ್ಸ್ 4080 ಸೂಪರ್, 16 ಜಿಬಿ. ಇದು 2024ರ ಜನವರಿಯಲ್ಲಿ ಬಂದದ್ದು, 320 ವ್ಯಾಟ್. ಇದಕ್ಕಿಂತ ದೊಡ್ಡ 4090 ಬೇಡ ಅಂದಿದ್ದು ಬೆಲೆಗಷ್ಟೇ ಅಲ್ಲ, ಅದರ 450 ವ್ಯಾಟ್‌ಗೂ. ಕಂಪ್ಯೂಟರ್ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ರೂಮಿಗೇ ಬರುತ್ತದೆ, ಅಲ್ವಾ? ಸಣ್ಣ ರೂಮು, ಎಸಿ ಇಲ್ಲ. ಅಲ್ಲಿ 130 ವ್ಯಾಟ್ ಅಂದರೆ ಬೆವರಿನ ಲೆಕ್ಕ.

ಬೇಸಿಗೆಯಲ್ಲಿ ಪವರ್ ಲಿಮಿಟ್ ಅನ್ನು 80 ಪರ್ಸೆಂಟ್‌ಗೆ ಇಳಿಸುತ್ತೇನೆ. ಆಗ 320 ಇದ್ದದ್ದು 256 ವ್ಯಾಟ್ ಆಗುತ್ತದೆ. ಫ್ರೇಮ್ ಕಡಿಮೆಯಾಗಿದ್ದು ಕೌಂಟರ್‌ನಲ್ಲಿ ಕಾಣುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಫ್ಯಾನ್ ಸದ್ದು ಮಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ. ಚಿಪ್‌ಗಳನ್ನು ಕೊನೆಯ ನಾಲ್ಕೈದು ಫ್ರೇಮ್‌ಗಾಗಿ ಹಿಂಡಿಯೇ ಅಂಗಡಿಗೆ ಕಳಿಸುತ್ತಾರೆ. ಆ ಕೊನೆಯ ಹನಿಗೆ ಬೇಕಾಗುವ ಕರೆಂಟೇ ಜಾಸ್ತಿ. ಈ ಸೆಟ್ಟಿಂಗ್‌ಗೆ ದುಡ್ಡು ಬೇಡ, ಎರಡು ನಿಮಿಷ ಸಾಕು.

4ಕೆಯಲ್ಲಿ ಸೈಬರ್‌ಪಂಕ್ 2077 ಗೇಮಿಗೆ ಪಾತ್ ಟ್ರೇಸಿಂಗ್ (ಬೆಳಕಿನ ಹಾದಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವ ಸೆಟ್ಟಿಂಗ್) ಹಾಕಿದರೆ ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ಎಐನಿಂದ ಹಿಗ್ಗಿಸುವ ತಂತ್ರ) ಇಲ್ಲದೆ ಈ ಕಾರ್ಡ್ ತೆವಳುತ್ತದೆ, ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ 4ರ ಹೊಸ ಮಾಡೆಲ್ ಹಳೇ ಆರ್‌ಟಿಎಕ್ಸ್ ಕಾರ್ಡ್‌ಗಳಿಗೂ ಸಿಕ್ಕಿತು. ಓಡುವಾಗ ತಂತಿ, ಬೇಲಿ, ಕೂದಲಿನ ಅಂಚು ಮೊದಲು ಮಸುಕಾಗುತ್ತಿದ್ದವು, ಈಗ ನೆಟ್ಟಗೆ ಕಾಣುತ್ತವೆ. ಸುಮ್ನೆ ಸಿಕ್ಕ ಅಪ್‌ಗ್ರೇಡ್. ಫ್ಲೈಟ್ ಸಿಮ್ಯುಲೇಟರ್‌ನಲ್ಲಂತೂ ಪ್ರೊಸೆಸರ್‌ನ ಆ ದೊಡ್ಡ ಕ್ಯಾಶ್ ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ತೋರಣಗಲ್ಲಿನ ರನ್‌ವೇಯಿಂದ ಎದ್ದು ತುಂಗಭದ್ರಾ ಹಿನ್ನೀರಿನ ಮೇಲೆ ಒಂದು ಸುತ್ತು ಹಾಕುವುದು ನನ್ನ ಭಾನುವಾರದ ಚಾಳಿ. ನಿಮ್ಮ ಮಾನಿಟರ್ 4ಕೆಗಿಂತ ಕೆಳಗಿನ 1440ಪಿ ಆಗಿದ್ದರೆ ಇಷ್ಟು ದೊಡ್ಡ ಕಾರ್ಡ್ ಬೇಕಾಗಿಲ್ಲ. 285 ವ್ಯಾಟ್‌ನ 4070 ಟೈ ಸೂಪರ್‌ನಲ್ಲೂ ಅದೇ 16 ಜಿಬಿ ಇದೆ.

ಈಗ ಕರೆಂಟಿನ ವಿಷಯ. ಇದನ್ನು ಯಾವ ವಿಮರ್ಶೆಯಲ್ಲೂ ನಮ್ಮ ಊರಿಗೆ ಬೇಕಾದ ಹಾಗೆ ಹೇಳುವುದಿಲ್ಲ.

ಅಂಗಡಿಯಲ್ಲಿ ನನಗೆ ಕೊಡಲು ನೋಡಿದ್ದು 600 ವಿಎ ಯುಪಿಎಸ್. "ಎಲ್ಲರೂ ಇದೇ ತಗೊಂಡು ಹೋಗ್ತಾರೆ ಸಾರ್, ಆರಾಮಾಗಿ ಎಳೆಯತ್ತೆ" ಅಂದರು. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ನನ್ನ ಪಿಸಿ ಮಾನಿಟರ್ ಸೇರಿ ಗೇಮ್ ಆಡುವಾಗ 450ರ ಮೇಲೆ ಎಳೆಯುತ್ತದೆ. ಕರೆಂಟ್ ಹೋದ ತಕ್ಷಣ ಯುಪಿಎಸ್ಸೂ ಕೂಗಿ ಮಲಗುತ್ತದೆ. ಆಫೀಸಿನ ಕಂಪ್ಯೂಟರ್‌ಗೆ ಅದು ಸಾಕು, ಇದಕ್ಕಲ್ಲ.

ಮನೆಯಲ್ಲಿ ಆಗಲೇ 1100 ವಿಎ ಇನ್ವರ್ಟರ್ ಇತ್ತು. ಅದು ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಪಿಸಿಯನ್ನು ಅದರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇವತ್ತಿನ ಒಳ್ಳೇ ಎಸ್‌ಎಂಪಿಎಸ್‌ಗಳಿಗೆ (ಪಿಸಿಯೊಳಗೆ ಕರೆಂಟ್ ಹಂಚುವ ಡಬ್ಬಿ) ಆ ಕರೆಂಟ್ ಒಗ್ಗುವುದಿಲ್ಲ. ಇನ್ವರ್ಟರ್‌ನ ಹಿಂದೆ ಒಂದು ಸ್ವಿಚ್ ಇರುತ್ತದೆ ನೋಡಿ, ಅದನ್ನು ನಾರ್ಮಲ್‌ನಿಂದ ಯುಪಿಎಸ್ ಮೋಡ್‌ಗೆ ಹಾಕಬೇಕು. ಆಗ ಅದು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಇಟ್ಟುಕೊಂಡ ಕರೆಂಟಿನಲ್ಲಿ ತಡೆದುಕೊಳ್ಳುವುದು ಹದಿನೈದು ಮಿಲಿಸೆಕೆಂಡಿನ ಆಸುಪಾಸು ಮಾತ್ರ. ಅಷ್ಟರೊಳಗೆ ಇನ್ವರ್ಟರ್ ಎದ್ದೇಳಬೇಕು. ನನ್ನದು ಏಳುತ್ತದೆ. ಗೇಮ್ ನಿಲ್ಲುವುದಿಲ್ಲ, ಲೈಟ್ ಒಮ್ಮೆ ಮಿಟುಕುತ್ತದೆ ಅಷ್ಟೇ. ಆಮೇಲೆ ಅಮ್ಮನ ಕೂಗು ಬರುತ್ತದೆ, "ಮೊದಲು ಅದನ್ನ ಬಂದ್ ಮಾಡಪ್ಪ, ಬ್ಯಾಟರಿ ಫ್ಯಾನಿಗೆ ಉಳೀಲಿ."

ಎಸ್‌ಎಂಪಿಎಸ್ 850 ವ್ಯಾಟ್, 80 ಪ್ಲಸ್ ಗೋಲ್ಡ್ (ಕರೆಂಟ್ ಪೋಲು ಕಡಿಮೆ ಅನ್ನುವ ದರ್ಜೆ), ಎಟಿಎಕ್ಸ್ 3.0 ಮಾನದಂಡದ್ದು. 450ಕ್ಕೆ 850 ಯಾಕೆ ಅಂತ ಕೇಳುತ್ತಾರೆ. ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಲೆಕ್ಕ ಮೀರಿ ಎಳೆಯುತ್ತವೆ. ಅದನ್ನು ತಡೆದುಕೊಳ್ಳುವ ನಿಯಮ ಎಟಿಎಕ್ಸ್ 3.0ರಲ್ಲಿದೆ. ಮೇಲಾಗಿ ಅರ್ಧ ಲೋಡ್‌ನಲ್ಲಿ ಓಡುವ ಎಸ್‌ಎಂಪಿಎಸ್ ತಣ್ಣಗಿರುತ್ತದೆ, ಸದ್ದೂ ಇರುವುದಿಲ್ಲ. ಕಾರ್ಡ್‌ಗೆ ಹೋಗುವ 16 ಪಿನ್ ಕೇಬಲ್ ಅದರಲ್ಲೇ ಬರುತ್ತದೆ, ಅಡಾಪ್ಟರ್ ಬೇಡ. ಪಿನ್ ಪೂರ್ತಿ ಒಳಗೆ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ, ಕನೆಕ್ಟರ್ ಬುಡದಲ್ಲೇ ಮಡಚಬೇಡಿ. 4090ಗಳಲ್ಲಿ ಕರಗಿದ್ದು ಇದೇ ಕನೆಕ್ಟರ್.

ಇನ್ನು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಾದರೆ ನಿಮ್ಮ ಸಾಕೆಟ್‌ಗೆ ಅರ್ತ್ ಇಲ್ಲ, ಇಲ್ಲವೇ ಸರಿಯಿಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಸಣ್ಣ ಕರೆಂಟ್ ಅರ್ತ್ ವೈರಿನಲ್ಲಿ ಇಳಿಯಬೇಕು. ಅದು ಇಲ್ಲದಿದ್ದರೆ ಕ್ಯಾಬಿನೆಟ್‌ನಲ್ಲೇ ನಿಲ್ಲುತ್ತದೆ. ನಮ್ಮದು ಹಳೇ ಮನೆ. ಪಿಸಿ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ರೂಮಿಗೆ ಹೊಸ ಅರ್ತ್ ವೈರ್ ಎಳೆಸಿದೆ. ಒಂದೂವರೆ ಲಕ್ಷದ ಸಾಮಾನನ್ನು ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಧೂಳು ನಮ್ಮ ಕಡೆ ಕೆಂಪಗಿರುತ್ತದೆ. ಅದಿರಿನ ನಾಡಲ್ವಾ. ಈಗ ಮೂರು ಕಡೆ ಗಾಜು ಹಾಕಿದ ಮೀನಿನ ತೊಟ್ಟಿಯಂಥ ಕ್ಯಾಬಿನೆಟ್‌ಗಳು ಫ್ಯಾಷನ್. ನಾನು ತಂದದ್ದು ಲಿಯಾನ್ ಲಿ ಲ್ಯಾನ್‌ಕೂಲ್ 216. ಮುಂದೆ ಪೂರ್ತಿ ಜಾಲರಿ, ಅದರ ಹಿಂದೆ ಎರಡು 160 ಎಂಎಂ ಫ್ಯಾನ್. ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಗಾಳಿ ಸಾಕಷ್ಟು ಬರುತ್ತದೆ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇರುವ ಹಾಗೆ ಫ್ಯಾನ್ ಸೆಟ್ ಮಾಡಿದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದಿಲ್ಲ, ಫಿಲ್ಟರ್ ದಾಟಿಯೇ ಬರಬೇಕು. ಆದರೂ ಬರುತ್ತದೆ. ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಲೇಬೇಕು. ಒಳಗೆ ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಯ ಹೊಡೆತಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಮದರ್‌ಬೋರ್ಡ್ ಬಿ650, ಹದಿನೆಂಟು ಸಾವಿರ. ಇಷ್ಟು ಕಡಿಮೆ ಕರೆಂಟ್ ಎಳೆಯುವ ಪ್ರೊಸೆಸರ್‌ಗೆ ನಲವತ್ತು ಸಾವಿರದ ಬೋರ್ಡ್ ದಂಡ. ಪ್ರೊಸೆಸರ್ ಇಲ್ಲದೆಯೂ ಬಯೋಸ್ ಹಾಕುವ ಬಟನ್ ಇದೆಯಾ ಅಂತ ಮಾತ್ರ ನೋಡಿ. ಎಸ್‌ಎಸ್‌ಡಿ 2 ಟಿಬಿ, ನಾಲ್ಕನೇ ತಲೆಮಾರಿನದು. ಐದನೆಯದು ಬಿಸಿ ಜಾಸ್ತಿ, ಗೇಮ್ ಲೋಡ್ ಆಗುವುದರಲ್ಲಿ ಲಾಭ ಕಡಿಮೆ.

ಬೇಸರ ತಂದದ್ದು ರ‍್ಯಾಮ್. 16 ಜಿಬಿಯ ಎರಡು ಸ್ಟಿಕ್, ಡಿಡಿಆರ್5, ವೇಗ 6000, ಉತ್ತರ ಕೊಡುವ ತಡ ಹೇಳುವ ಸಿಎಲ್ 30. ಈ ಪ್ರೊಸೆಸರ್‌ಗೆ ಎಲ್ಲರೂ ಹೇಳುವ ಜೋಡಿ ಇದೇ, ಸರಿಯಾಗಿಯೇ ಹೇಳುತ್ತಾರೆ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ಅದು ಮೆಮೊರಿ ಟ್ರೈನಿಂಗ್, ಪಿಸಿ ಹೊಸ ಸ್ಟಿಕ್‌ಗಳಿಗೆ ಹೊಂದಿಕೊಳ್ಳುವ ಹೊತ್ತು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಒಂದು ವರ್ಷ ಕಳೆದ ಮೇಲೆ ಗೇಮ್‌ಗಳು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳತೊಡಗಿದವು. ಟೆಸ್ಟ್ ಹಾಕಿದರೆ ಒಂದು ಸ್ಟಿಕ್‌ನಲ್ಲಿ ದೋಷ. ಕಂಪನಿಯ ಹೆಸರು ಬೇಡ. ಎರಡೂ ಸ್ಟಿಕ್ ಕಳಿಸಿ ಅಂದರು, ಬೆಂಗಳೂರಿಗೆ ಕೊರಿಯರ್ ಖರ್ಚು ನನ್ನದೇ ಅಂದರು, ಬದಲಿ ಬರಲು ತಿಂಗಳ ಮೇಲಾಯಿತು. ಅಲ್ಲಿಯವರೆಗೆ ಪಿಸಿ ನಡೆಯಲು ಬೇರೆ ಒಂದು ಸ್ಟಿಕ್ ಕೊಳ್ಳಬೇಕಾಯಿತು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಅಂಗಡಿಯ ಬಿಲ್ ಥರ್ಮಲ್ ಪೇಪರ್‌ನಲ್ಲಿದ್ದರೆ ಅವತ್ತೇ ಫೋಟೊ ತೆಗೆದಿಡಿ. ವಾರಂಟಿ ಮುಗಿಯುವ ಮೊದಲೇ ಅಕ್ಷರ ಅಳಿಸಿಹೋಗುತ್ತದೆ.

ಹೊಸದಾಗಿ ಮಾಡಿಸುವವರಿಗೆ ಈಗ ದೊಡ್ಡ ತಲೆನೋವು ಇದೇ ರ‍್ಯಾಮ್. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ಬೆಲೆ ವಿಪರೀತ ಏರಿದೆ. ನಾನು ಹನ್ನೊಂದು ಸಾವಿರಕ್ಕೆ ತಂದ ಕಿಟ್ ಅದೇ ಬೆಲೆಗೆ ಸಿಗುತ್ತದೆ ಅಂತ ಬಜೆಟ್ ಹಾಕಬೇಡಿ. ಮೊದಲು ರ‍್ಯಾಮ್ ಬೆಲೆ ಕೇಳಿ, ಉಳಿದದ್ದರಲ್ಲಿ ಕಾರ್ಡ್ ಆರಿಸಿ. ಕಡಿಮೆ ಮಾಡಲೇಬೇಕಾದರೆ ಕಾರ್ಡ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಎಸ್‌ಎಂಪಿಎಸ್‌ಗೆ ಮಾತ್ರ ಕೈ ಹಾಕಬೇಡಿ. ನಾಲ್ಕು ಸ್ಟಿಕ್ ತುಂಬುವ ಯೋಚನೆಯೂ ಬೇಡ, ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನ ಬೋರ್ಡ್‌ಗಳಲ್ಲಿ ವೇಗ ಬಿದ್ದುಹೋಗುತ್ತದೆ.

ನಾನು ಮುಂದಿನ ತಲೆಮಾರಿನ 5080 ಕಾರ್ಡ್‌ಗೆ ಹೋಗುವುದಿಲ್ಲ. ಅದರಲ್ಲೂ 16 ಜಿಬಿಯೇ, ಮೇಲೆ 360 ವ್ಯಾಟ್. ಎಎಂ5 ಸಾಕೆಟ್ ಇರುವುದರಿಂದ ಮುಂದೆ ಬೇಕೆನಿಸಿದರೆ ಬಯೋಸ್ ಅಪ್‌ಡೇಟ್ ಮಾಡಿ ಇದೇ ಬೋರ್ಡ್‌ಗೆ ಮುಂದಿನ ತಲೆಮಾರಿನ ಪ್ರೊಸೆಸರ್ 9800ಎಕ್ಸ್3ಡಿ ಹಾಕಬಹುದು. 4ಕೆಯಲ್ಲಿ ಅದರ ಅವಸರ ಸದ್ಯಕ್ಕಿಲ್ಲ.